ರುದ್ರನಾಟಕದಲ್ಲಿ ದ್ವೇಷ ಮತ್ತು ಪ್ರೀತಿ: ವೆರೋನಾ ಹಾಗೂ ಕಲ್ಯಾಣ

ಚಿತ್ರದುರ್ಗ ಸೀಮೆಯ ಜನಕ್ಕೆ ನಾಟಕವೆಂಬುದು ಹೊಸದಲ್ಲ. ಹಿರಿಯೂರು ತಾಲ್ಲೂಕಿನ ಧರ್ಮಪುರದ ಕಡೆಯಿಂದ ಹೊಸದುರ್ಗ, ಹೊಳಲ್ಕೆರೆಗಳವರೆಗೆ ಸುಗ್ಗಿ ಮುಗಿದು ಜಾತ್ರೆಯ ದಿನಗಳು ಬಂದುವೆಂದರೆ, ಊರ ಯುವಕರು ಹಾರ್ಮೋನಿಯಂ ಮೇಷ್ಟರ ಕೈಕೆಳಗೆ ಮಾತನ್ನೂ ಮಟ್ಟನ್ನೂ ಕಲಿತು ಬೆಳಗಿನ ಜಾವದವರೆಗೆ ಕುರುಕ್ಷೇತ್ರವನ್ನಾಡುವುದು ವಾಡಿಕೆ. ಇದೇ ನೆಲದಲ್ಲಿ ಮಠವೂ ರಂಗಭೂಮಿಯನ್ನು ತನ್ನದೆಂದು ಅಪ್ಪಿಕೊಂಡಿತು. ಸಿರಿಗೆರೆಯ ಪೂಜ್ಯ ಶ್ರೀ ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳವರು (೧೯೧೪–೧೯೯೨) ತಾವೇ ಲೇಖನಿ ಹಿಡಿದು ‘ಮರಣವೇ ಮಹಾನವಮಿ’, ‘ಶರಣಸತಿ ಲಿಂಗಪತಿ’, ‘ವಿಶ್ವಬಂಧು ಮರುಳಸಿದ್ಧ’ ಎಂಬ ನಾಟಕಗಳನ್ನು ರಚಿಸಿದರು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ೧೯೮೭ರಲ್ಲಿ ಶ್ರೀ ಶಿವಕುಮಾರ ಕಲಾಸಂಘವು ಹುಟ್ಟಿತು. ೧೯೯೭ರಲ್ಲಿ ‘ಶಿವಸಂಚಾರ’ ತಂಡವು ತಿರುಗಾಟಕ್ಕೆ ಹೊರಟಿತು. ಗ್ರೀಕರ ಮಾದರಿಯ ಬಯಲು ರಂಗಮಂದಿರವೂ ಆ ಪುಟ್ಟ ಹಳ್ಳಿಯಲ್ಲಿ ಎದ್ದು ನಿಂತಿತು.

ಕಲ್ಯಾಣದ ಕಥೆಯನ್ನು ರಂಗದ ಮೇಲೆ ಕಂಡು ಮನೆಗೆ ಹಿಂದಿರುಗುವ ಪ್ರೇಕ್ಷಕನ ಮನದಲ್ಲಿ ಒಂದು ಪ್ರಶ್ನೆ ಏಳುವುದುಂಟು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆ ಮದುವೆಯೊಂದು ನಡೆಯದೆ ಇದ್ದಿದ್ದರೆ ಕಲ್ಯಾಣವು ಉಳಿಯುತ್ತಿತ್ತಲ್ಲವೇ? ಶರಣರು ಸ್ವಲ್ಪ ತಾಳಿಕೊಂಡಿದ್ದರೆ ಅಷ್ಟು ರಕ್ತವು ಹರಿಯುತ್ತಿರಲಿಲ್ಲವಲ್ಲವೇ? ಈ ಪ್ರಶ್ನೆಯನ್ನು ಕೇಳುವವರು ಶರಣರ ವಿರೋಧಿಗಳಲ್ಲ. ಭಕ್ತಿಯುಳ್ಳವರೇ ವ್ಯಥೆಯಿಂದ ಕೇಳುತ್ತಾರೆ. ಆದರೆ ಈ ಪ್ರಶ್ನೆಯ ಒಡಲಲ್ಲಿ ಒಂದು ತೀರ್ಪು ಅಡಗಿದೆ. ದುರಂತಕ್ಕೆ ಕಾರಣವಾದದ್ದು ಪ್ರೀತಿಯೇ ಎಂಬುದು ಆ ತೀರ್ಪು. ಅದು ನ್ಯಾಯವಾದುದೇ ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ. ಅದಕ್ಕಾಗಿ, ದ್ವೇಷ ಮತ್ತು ಪ್ರೀತಿಗಳ ಹೋರಾಟವನ್ನೇ ವಸ್ತುವಾಗುಳ್ಳ ಜಗತ್ಪ್ರಸಿದ್ಧವಾದ ಒಂದು ರುದ್ರನಾಟಕವನ್ನು ಮೊದಲು ನೋಡಿ, ಅನಂತರ ಕಲ್ಯಾಣಕ್ಕೆ ಬರೋಣ. ಆ ನಾಟಕವೇ ಶೇಕ್ಸ್‌ಪಿಯರ್ ಮಹಾಕವಿಯ ‘ರೋಮಿಯೋ ಮತ್ತು ಜೂಲಿಯೆಟ್’.

ಈ ಕಥೆಯು ಶೇಕ್ಸ್‌ಪಿಯರನ ಸ್ವಂತ ಕಲ್ಪನೆಯಲ್ಲ. ಇಟಲಿಯ ಕಥೆಗಾರರು ಹದಿನಾರನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಇದನ್ನು ಹೇಳಿದ್ದರು. ೧೫೬೨ರಲ್ಲಿ ಆರ್ಥರ್ ಬ್ರೂಕ್ ಎಂಬ ಆಂಗ್ಲ ಕವಿ ಇದನ್ನು ದೀರ್ಘವಾದ ಕಾವ್ಯವಾಗಿ ಬರೆದನು. ಬ್ರೂಕನು ತನ್ನ ಕಾವ್ಯಕ್ಕೆ ಬರೆದ ಪೀಠಿಕೆಯಲ್ಲಿ ತಪ್ಪನ್ನೆಲ್ಲ ಪ್ರೇಮಿಗಳ ತಲೆಯ ಮೇಲೆ ಹೊರಿಸುತ್ತಾನೆ. ಹಿರಿಯರ ಮಾತನ್ನು ಮೀರಿ, ಕಾಮಕ್ಕೆ ವಶರಾಗಿ, ಗುಟ್ಟಾಗಿ ಕೂಡಿದವರಿಗೆ ಇಂಥ ಗತಿಯೇ ಸರಿ ಎಂಬುದು ಅವನ ಉಪದೇಶ. ಸುಮಾರು ೧೫೯೫ರ ಹೊತ್ತಿಗೆ ಅದೇ ಕಥೆಯನ್ನು ಕೈಗೆತ್ತಿಕೊಂಡ ಶೇಕ್ಸ್‌ಪಿಯರನು ಘಟನೆಗಳನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡು ಆ ತೀರ್ಪನ್ನು ಮಾತ್ರ ತಳ್ಳಿಹಾಕಿದನು. ಪ್ರೇಮಿಗಳಲ್ಲಿ ಆತುರವಿದೆ, ಅವಿವೇಕವೂ ಇದೆ. ಆದರೆ ಅವರ ಸಾವಿಗೆ ಹೊಣೆ ಅವರಲ್ಲ, ಎರಡು ಮನೆತನಗಳ ಹಳೆಯ ಹಗೆ ಎಂಬುದನ್ನು ಅವನು ನಾಟಕದ ಮುನ್ನುಡಿಯಲ್ಲಿಯೇ ಸೂಚಿಸುತ್ತಾನೆ. ಬ್ರೂಕನ ಕಾವ್ಯದಲ್ಲಿ ತಿಂಗಳುಗಟ್ಟಲೆ ಹರಡಿಕೊಂಡಿದ್ದ ಕಥೆಯನ್ನು ನಾಲ್ಕೈದು ದಿನಗಳ ಅವಧಿಗೆ ಇಳಿಸಿದುದರಿಂದ, ಆ ಹಗೆಯು ಪ್ರೇಮಕ್ಕೆ ಉಸಿರಾಡಲೂ ಬಿಡುವು ಕೊಡುವುದಿಲ್ಲವೆಂಬ ಭಾವವು ಪ್ರೇಕ್ಷಕನಲ್ಲಿ ಬಲವಾಗಿ ಮೂಡುತ್ತದೆ.

ಈ ಹಗೆಯ ಸ್ವರೂಪವನ್ನು ಗಮನಿಸಬೇಕು. ಮಾಂಟೆಗ್ಯೂ ಹಾಗೂ ಕ್ಯಾಪ್ಯುಲೆಟ್ ಮನೆತನಗಳು ಯಾವ ಕಾರಣದಿಂದ ದ್ವೇಷಿಸುತ್ತವೆ ಎಂಬುದನ್ನು ಕವಿಯು ಎಲ್ಲಿಯೂ ಹೇಳುವುದಿಲ್ಲ. ಅದು ಮರೆತು ಬಿಟ್ಟ ಸಂಗತಿಯಲ್ಲ. ಹೇಳದೆ ಇರುವುದರಲ್ಲಿಯೇ ಅರ್ಥವಿದೆ. ಪಿತ್ರಾರ್ಜಿತ ಆಸ್ತಿಯಂತೆ ಬಂದ ದ್ವೇಷಕ್ಕೆ ಕಾರಣವು ಬೇಕಾಗುವುದಿಲ್ಲ. ಅದು ಅಭ್ಯಾಸಬಲದಿಂದಲೇ ಬದುಕುತ್ತದೆ. ನಾಟಕದ ಮೊದಲ ಜಗಳವನ್ನು ತೆಗೆಯುವವರು ಯಜಮಾನರಲ್ಲ, ಅವರ ಮನೆಯ ಆಳುಗಳು. ಹಗೆಯಿಂದ ಆಳುಗಳಿಗೆ ಬಿಡಿಕಾಸಿನ ಲಾಭವಿಲ್ಲ. ಆದರೂ ಯಜಮಾನನ ದ್ವೇಷವೇ ತಮ್ಮ ಮಾನವೆಂದು ಅವರು ತಿಳಿದಿದ್ದಾರೆ. ಇನ್ನು ಮನೆಗೆ ಬಂದ ವೈರಿಯ ಮಗನನ್ನು ಔತಣದ ನಡುವೆ ಕಂಡಾಗ ಮುದುಕ ಕ್ಯಾಪ್ಯುಲೆಟ್ ತಾಳ್ಮೆಯಿಂದಲೇ ವರ್ತಿಸುತ್ತಾನೆ. ಕತ್ತಿಗೆ ಕೈಹಾಕಲು ಹೊರಡುವವನು ತರುಣ ಟಿಬಾಲ್ಟ್. ಹಗೆಯನ್ನು ಹುಟ್ಟಿಸಿದವರಿಗೆ ಅದು ಹಳತಾಗಿ ಸವೆದಿದ್ದರೂ ಅದನ್ನು ಬಳುವಳಿಯಾಗಿ ಪಡೆದವನಲ್ಲಿ ಅದು ಹೊಸ ಕಾವಿನಿಂದ ಉರಿಯುತ್ತದೆ. ದ್ವೇಷದ ಈ ಗುಣವನ್ನು ನಾವು ನಮ್ಮ ಊರುಕೇರಿಗಳಲ್ಲಿಯೂ ಕಾಣಬಹುದು.

ಇಂಥ ನಗರದಲ್ಲಿ ಪ್ರೀತಿಯು ಏನು ಮಾಡಿತು? ಹೊಸ ಹಗೆಯನ್ನು ಹುಟ್ಟಿಸಲಿಲ್ಲ. ಇದ್ದ ಹಗೆಯನ್ನು ಬೆಳಕಿಗೆ ತಂದಿತು. ರೋಮಿಯೋ ಜೂಲಿಯೆಟ್ಟರು ಒಬ್ಬರನ್ನೊಬ್ಬರು ಕಾಣುವ ಮೊದಲೇ ಬೀದಿಯಲ್ಲಿ ಕತ್ತಿಗಳು ಹಿರಿದಿದ್ದವು. ಗುಟ್ಟಾಗಿ ಮದುವೆ ಮಾಡಿಸಿದ ಪಾದ್ರಿ ಲಾರೆನ್ಸನು, ಈ ಸಂಬಂಧದಿಂದ ಎರಡು ಮನೆಗಳ ವೈರವು ಸ್ನೇಹವಾಗಬಹುದೆಂಬ ಆಸೆಯನ್ನು ಸ್ಪಷ್ಟವಾಗಿಯೇ ಹೇಳುತ್ತಾನೆ. ಅವನ ಆಸೆಯು ತಪ್ಪಲ್ಲ. ಅವನು ಹಿಡಿದ ಗುಟ್ಟಿನ ಹಾದಿಯು ದುರ್ಬಲವಾದುದು. ಊರಿಗೆ ತಗುಲಿದ ಪಿಡುಗಿನ ಕಾರಣ ದೂತನು ತಡೆಹಿಡಿಯಲ್ಪಟ್ಟು ಒಂದು ಕಾಗದವು ತಲುಪದೆ ಹೋದುದೇ ಸಾವಿಗೆ ಸಾಕಾಯಿತು. ಪ್ರೀತಿಯು ಕದ್ದು ಬಾಳಬೇಕಾದ ಊರಿನಲ್ಲಿ ಸಣ್ಣ ಆಕಸ್ಮಿಕವೂ ಮೃತ್ಯುವಾಗುತ್ತದೆ.

ಆದರೆ ಈ ನಾಟಕದ ನಿಜವಾದ ತಿರುವು ಇರುವುದು ಆ ಕಾಗದದಲ್ಲಿ ಅಲ್ಲ. ಮದುವೆಯಾದ ದಿನವೇ ಟಿಬಾಲ್ಟನು ಬೀದಿಯಲ್ಲಿ ರೋಮಿಯೋವನ್ನು ಹೀನಾಯವಾಗಿ ನಿಂದಿಸಿ ಕಾಳಗಕ್ಕೆ ಕರೆಯುತ್ತಾನೆ. ರೋಮಿಯೋ ಕತ್ತಿಯನ್ನು ಹಿರಿಯುವುದಿಲ್ಲ. ಈಗ ನೆಂಟನಾಗಿರುವ ವೈರಿಯನ್ನು ಪ್ರೀತಿಯಿಂದಲೇ ಸಮಾಧಾನಪಡಿಸಲು ಯತ್ನಿಸುತ್ತಾನೆ. ಇಡೀ ನಾಟಕದಲ್ಲಿ ಪ್ರೀತಿಯು ದ್ವೇಷಕ್ಕಿಂತ ಎತ್ತರದಲ್ಲಿ ನಿಂತ ಕ್ಷಣವಿದು. ಆದರೆ ಗೆಳೆಯ ಮರ್ಕ್ಯೂಶಿಯೋ ನಡುವೆ ನುಗ್ಗಿ, ರೋಮಿಯೋ ತಡೆಯಲು ಹೋದಾಗಲೇ ಇರಿತಕ್ಕೊಳಗಾಗಿ, ಎರಡು ಮನೆಗಳನ್ನೂ ಶಪಿಸುತ್ತ ಸಾಯುತ್ತಾನೆ. ಆ ಗಳಿಗೆಯಲ್ಲಿ ರೋಮಿಯೋವಿನ ಮನಸ್ಸು ಮುರಿಯುತ್ತದೆ. ಪ್ರೀತಿಯು ತನ್ನನ್ನು ಹೇಡಿಯನ್ನಾಗಿಸಿತೆಂದು ಹಲುಬಿ, ಕೋಪವನ್ನೇ ದಾರಿದೀಪ ಮಾಡಿಕೊಂಡು ಟಿಬಾಲ್ಟನನ್ನು ಕೊಲ್ಲುತ್ತಾನೆ. ಅಲ್ಲಿಯವರೆಗೆ ಕಥೆಯು ಸುಖಾಂತವಾಗುವ ಸಾಧ್ಯತೆಯಿತ್ತು. ಅಲ್ಲಿಂದ ಮುಂದೆ ಇಲ್ಲ. ನಾಟಕದಲ್ಲಿ ಒಟ್ಟು ಆರು ಸಾವುಗಳು ಸಂಭವಿಸುತ್ತವೆ. ಅವುಗಳಲ್ಲಿ ಟಿಬಾಲ್ಟ್ ಮತ್ತು ಪ್ಯಾರಿಸ್ ಎಂಬಿಬ್ಬರು ಸತ್ತದ್ದು ಪ್ರೇಮಿಯಾದ ರೋಮಿಯೋವಿನ ಕೈಯಿಂದಲೇ ಎಂಬುದನ್ನು ನಾವು ಮರೆಯುತ್ತೇವೆ. ದ್ವೇಷವು ಪ್ರೀತಿಯನ್ನು ಹೊಡೆದಾಗ ದುಃಖವುಂಟಾಗುತ್ತದೆ. ಪ್ರೀತಿಯು ದ್ವೇಷದ ಆಯುಧವನ್ನು ಕಡ ತಂದಾಗ ದುರಂತವುಂಟಾಗುತ್ತದೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಸಾಗೋಣ.

ಈ ನಾಟಕವು ಕನ್ನಡಕ್ಕೆ ಬಂದ ಬಗೆಯೂ ಕುತೂಹಲಕರವಾದುದು. ೧೮೮೯ರಲ್ಲಿ ಆನಂದರಾಯರು ಇದನ್ನು ‘ರಾಮವರ್ಮ ಲೀಲಾವತಿ’ ಎಂಬ ಹೆಸರಿನಿಂದ ರೂಪಾಂತರಿಸಿದರು. ಅದರಲ್ಲಿ ಸತ್ತ ಪ್ರೇಮಿಗಳು ದೈವಾನುಗ್ರಹದಿಂದ ಮರಳಿ ಬದುಕುತ್ತಾರೆ. ಮಂಗಳಾಂತವನ್ನೇ ವಿಧಿಸಿದ್ದ ಸಂಸ್ಕೃತ ನಾಟ್ಯಪರಂಪರೆಯಲ್ಲಿ ಬೆಳೆದ ಪ್ರೇಕ್ಷಕರಿಗೆ ನಿರಪರಾಧಿಗಳ ಸಾವಿನಲ್ಲಿ ನಾಟಕವನ್ನು ಮುಗಿಸುವುದು ಅಧರ್ಮವಾಗಿ ತೋರುತ್ತಿದ್ದ ಕಾಲವದು. ಮೈಸೂರು ಆಸ್ಥಾನದ ವೀರಶೈವ ಕವಿಗಳಾದ ‘ಅಭಿನವ ಕಾಳಿದಾಸ’ ಬಸವಪ್ಪಶಾಸ್ತ್ರಿಗಳು (೧೮೪೩–೧೮೯೧) ‘ಒಥೆಲೋ’ ನಾಟಕವನ್ನು ‘ಶೂರಸೇನ ಚರಿತ್ರೆ’ಯಾಗಿ ಕನ್ನಡಿಸಿದರು. ಕಾರಣವಿಲ್ಲದ ದ್ವೇಷವು ನಿಷ್ಕಳಂಕವಾದ ದಾಂಪತ್ಯಪ್ರೇಮವನ್ನು ಹೇಗೆ ಸುಡುತ್ತದೆಂಬುದೇ ಅದರ ವಸ್ತು. ಮುಂದೆ ಬಿ.ಎಂ.ಶ್ರೀ.ಯವರು ಗ್ರೀಕರ ನಾಟಕಗಳ ವ್ಯಾಸಂಗದಿಂದ ‘ರುದ್ರನಾಟಕ’ದ ಸ್ವರೂಪವನ್ನು ಕನ್ನಡಿಗರಿಗೆ ವಿವರಿಸಿ, ೧೯೨೯ರಲ್ಲಿ ‘ಅಶ್ವತ್ಥಾಮನ್’ ನಾಟಕವನ್ನು ಪ್ರಕಟಿಸಿದ ಮೇಲೆ, ಸಾವನ್ನು ಸಾವೆಂದೇ ಕಾಣುವ ಧೈರ್ಯವು ನಮ್ಮ ರಂಗಭೂಮಿಗೆ ಬಂದಿತು. ದೇವರು ಇಳಿದು ಬಂದು ಸತ್ತವರನ್ನು ಎಬ್ಬಿಸಿದರೆ ದ್ವೇಷ ಮಾಡಿದವರಿಗೆ ಲೆಕ್ಕ ಒಪ್ಪಿಸುವ ಹೊಣೆಯೇ ಉಳಿಯುವುದಿಲ್ಲ. ಕಲ್ಯಾಣದ ವಸ್ತುವನ್ನು ರುದ್ರನಾಟಕವಾಗಿ ಕಾಣುವ ದೃಷ್ಟಿಯೂ ಈ ಧೈರ್ಯದಿಂದಲೇ ಸಾಧ್ಯವಾಯಿತು.

ಈಗ ಕಲ್ಯಾಣಕ್ಕೆ ಬರೋಣ. ಹನ್ನೆರಡನೆಯ ಶತಮಾನದ ಮಧ್ಯಭಾಗದಲ್ಲಿ ಚಾಲುಕ್ಯ ಮೂರನೆಯ ತೈಲಪನನ್ನು ಬದಿಗೊತ್ತಿ ಕಳಚುರಿ ಬಿಜ್ಜಳನು ಅಧಿಕಾರವನ್ನು ಕೈವಶ ಮಾಡಿಕೊಂಡನು. ೧೧೬೭–೬೮ರ ಹೊತ್ತಿಗೆ ಅವನ ಆಳ್ವಿಕೆ ಮುಗಿದು ಮಗ ಸೋವಿದೇವನು ಪಟ್ಟಕ್ಕೆ ಬಂದನು. ಬಸವಣ್ಣನವರು ಕೂಡಲಸಂಗಮದಲ್ಲಿ ಐಕ್ಯರಾದುದೂ ೧೧೬೭ರಲ್ಲಿ ಎಂಬುದು ಪರಂಪರೆಯ ಎಣಿಕೆ. ಈ ಸಂಧಿಕಾಲದಲ್ಲಿ ನಡೆದುದೇನೆಂಬುದನ್ನು ವಿವರಿಸುವ ಸಮಕಾಲೀನ ಶಾಸನವು ನಮಗೆ ದೊರೆತಿಲ್ಲ. ನಾವು ಪುರಾಣಕಾವ್ಯಗಳನ್ನೇ ಆಶ್ರಯಿಸಬೇಕಾಗಿದೆ. ಹದಿಮೂರನೆಯ ಶತಮಾನದ ಪಾಲ್ಕುರಿಕೆ ಸೋಮನಾಥನ ತೆಲುಗು ‘ಬಸವಪುರಾಣ’, ಅದನ್ನನುಸರಿಸಿ ೧೩೬೯ರಲ್ಲಿ ಭೀಮಕವಿಯು ರಚಿಸಿದ ಕನ್ನಡ ‘ಬಸವಪುರಾಣ’, ೧೫೮೪ರಲ್ಲಿ ವಿರೂಪಾಕ್ಷ ಪಂಡಿತನು ಬರೆದ ‘ಚೆನ್ನಬಸವಪುರಾಣ’ ಇವು ಅವುಗಳಲ್ಲಿ ಮುಖ್ಯವಾದವು.

ಈ ಕೃತಿಗಳನ್ನು ಕಾಲಾನುಕ್ರಮದಲ್ಲಿ ಓದಿದಾಗ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಬಸವಪುರಾಣದ ಪರಂಪರೆಯಲ್ಲಿ ಬಿಜ್ಜಳನು ಇಬ್ಬರು ಶರಣರ ಕಣ್ಣುಗಳನ್ನು ಕೀಳಿಸುತ್ತಾನೆ. ಅವರಲ್ಲಿ ಒಬ್ಬನು ಮಧುವಯ್ಯ. ಇನ್ನೊಬ್ಬನ ಹೆಸರು ಹರಳಯ್ಯ, ಹಲ್ಲಯ್ಯ ಮೊದಲಾದ ರೂಪಗಳಲ್ಲಿ ಕಾಣುತ್ತದೆ. ಆದರೆ ಅಂಥ ಘೋರ ಶಿಕ್ಷೆಗೆ ತಕ್ಕ ಕಾರಣವು ಅಲ್ಲಿ ಕಾಣದು. ದುರುಳತನದಿಂದ ಮಾಡಿದ ಕಾರ್ಯವೆಂಬಂತೆ ನಿರೂಪಣೆಯಿದೆ. ಚೆನ್ನಬಸವಪುರಾಣದ ವೇಳೆಗೆ ಅವರನ್ನು ಹಗ್ಗದಿಂದ ಕಟ್ಟಿ ಎಳೆಸಿದರೆಂಬ ವಿವರವು ಬರುತ್ತದೆ. ಸಮಗಾರನ ಮಗನಿಗೂ ಬ್ರಾಹ್ಮಣ ಮಂತ್ರಿಯ ಮಗಳಿಗೂ ನಡೆದ ಮದುವೆಯೇ ಇದಕ್ಕೆಲ್ಲ ಮೂಲವೆಂಬ ನಿರೂಪಣೆಯು ಬೆಳೆದು ನಿಂತದ್ದು ಮುಂದಿನ ಕೃತಿಗಳಲ್ಲಿ ಮತ್ತು ಜನಮನದಲ್ಲಿ. ಜೈನ ಪರಂಪರೆಯ ‘ಬಿಜ್ಜಳರಾಯಚರಿತೆ’ಯಂತೂ ಬಸವಣ್ಣನವರನ್ನೇ ದೂಷಿಸುವ ಬೇರೊಂದು ಕಥೆಯನ್ನು ಹೇಳುತ್ತದೆ. ಕಲ್ಯಾಣವು ಅಳಿದು ಶತಮಾನಗಳು ಕಳೆದ ಮೇಲೂ ದ್ವೇಷವು ಲೇಖನಿಗಳಲ್ಲಿ ಬದುಕಿತ್ತೆಂಬುದಕ್ಕೆ ಇದೂ ಒಂದು ಸಾಕ್ಷಿ.

ಈ ಕ್ರಮದಿಂದ ಮದುವೆಯು ಕಟ್ಟುಕಥೆಯೆಂದು ಯಾರೂ ಆತುರಪಟ್ಟು ತೀರ್ಮಾನಿಸಬೇಕಾಗಿಲ್ಲ. ಮೊದಲು ಬರಹಕ್ಕೆ ಬಾರದ ಎಷ್ಟೋ ನಿಜಗಳನ್ನು ಜನರ ನೆನಪು ಕಾಪಾಡಿಕೊಂಡು ಬಂದಿರುತ್ತದೆ. ನಮ್ಮ ವಿಚಾರಕ್ಕೆ ಮುಖ್ಯವಾದುದು ಬೇರೆ. ಪುರಾಣಗಳ ನೆನಪಿನಲ್ಲಿ ಮೊದಲು ನಿಂತದ್ದು ಕ್ರೌರ್ಯ. ಅದರ ಹಿಂದಿದ್ದ ಪ್ರೀತಿಯು ತನ್ನ ಸ್ಥಾನವನ್ನು ಪಡೆದುದು ತಡವಾಗಿ. ಶರಣರ ಕಣ್ಣು ಕಿತ್ತವರಿಗೆ ಆ ಕಣ್ಣುಗಳು ಯಾವ ಕನಸನ್ನು ಕಂಡಿದ್ದವೆಂದು ಜನವು ಕೇಳಿಕೊಂಡು, ಅದಕ್ಕೆ ಮದುವೆಯ ಚಪ್ಪರವನ್ನೇ ಉತ್ತರವಾಗಿ ಕಂಡಿತು. ಶಿಕ್ಷೆಗೆ ಕಾರಣವಾದದ್ದು ಅಪರಾಧವಲ್ಲ, ಸಮಾನತೆಯ ನಂಟು ಎಂಬ ತಿಳಿವಳಿಕೆಯು ಶತಮಾನಗಳ ಅವಧಿಯಲ್ಲಿ ಗಟ್ಟಿಗೊಂಡಿತು.

ವೆರೋನಾ ಮತ್ತು ಕಲ್ಯಾಣಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಮ್ಯಕ್ಕಿಂತ ಭೇದಗಳೇ ಹೆಚ್ಚು ಬೋಧಪ್ರದವಾಗಿವೆ. ವೆರೋನಾದಲ್ಲಿ ತಂದೆಯರು ದ್ವೇಷಿಸುತ್ತಾರೆ, ಮಕ್ಕಳು ಪ್ರೀತಿಸುತ್ತಾರೆ, ಮಕ್ಕಳು ಸಾಯುತ್ತಾರೆ. ಕಲ್ಯಾಣದಲ್ಲಿ ತಂದೆಯರೇ ಪರಸ್ಪರ ಪ್ರೀತಿಸಿದವರು. ಹರಳಯ್ಯ ಮಧುವರಸರಲ್ಲಿ ಶರಣಸಂಬಂಧವು ಬೆಳೆದ ಮೇಲೆ ಅದು ಮಕ್ಕಳ ಮದುವೆಯಾಗಿ ಫಲಿಸಿತು. ದಂಡನೆಯೂ ಮೊದಲು ತಂದೆಯರ ಮೇಲೆಯೇ ಎರಗಿತು. ಯೌವನದ ಮೋಹವೊಂದು ಸಮಾಜವನ್ನು ಮೀರಿದ ಕಥೆ ಇದಲ್ಲ. ಹಿರಿಯರು ವಿಚಾರಮಾಡಿ, ಶರಣರ ಸಮ್ಮುಖದಲ್ಲಿ, ಹಗಲು ಬೆಳಕಿನಲ್ಲಿ ಮಾಡಿದ ಮದುವೆಯಿದು. ಪಾದ್ರಿ ಲಾರೆನ್ಸನ ಗುಟ್ಟು ಇಲ್ಲಿಲ್ಲ. ಆದುದರಿಂದ ಆತುರವೆಂಬ ಆರೋಪವು ಕಲ್ಯಾಣದ ತಂದೆಯರಿಗೆ ತಗುಲುವುದಿಲ್ಲ.

ಆ ಪ್ರೀತಿಯು ಹೇಗೆ ಬೆಳೆಯಿತೆಂಬುದಕ್ಕೆ ಪಾದರಕ್ಷೆಯ ಐತಿಹ್ಯವನ್ನು ನಮ್ಮ ಓದುಗರೆಲ್ಲ ಬಲ್ಲರು. ಹರಳಯ್ಯನು ಶರಣೆಂದಾಗ ಬಸವಣ್ಣನವರು ಶರಣು ಶರಣಾರ್ಥಿಯೆಂದು ಎರಡು ಬಾರಿ ವಂದಿಸಿದರು. ಒಂದು ವಂದನೆಯು ತನ್ನ ಮೇಲೆ ಸಾಲವಾಯಿತೆಂದು ಹರಳಯ್ಯನು ಕೊರಗಿದನು. ಅವನೂ ಮಡದಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆಗಳನ್ನು ಮಾಡಿದರು. ಅವುಗಳನ್ನು ಧರಿಸಲು ಬಸವಣ್ಣನವರು ಒಪ್ಪದೆ ತಲೆಯ ಮೇಲಿಟ್ಟುಕೊಂಡು ಹಿಂದಕ್ಕೆ ಕೊಟ್ಟರು. ದಾರಿಯಲ್ಲಿ ಮಧುವರಸನು ಅವನ್ನು ಮೆಟ್ಟಿದಾಗ ಮೈಯೆಲ್ಲ ಉರಿಯೆದ್ದು, ಹರಳಯ್ಯನ ಮನೆಯ ತೊಗಲು ಹದಮಾಡುವ ನೀರಿನಿಂದಲೇ ಆ ಉರಿಯು ಶಮನವಾಯಿತು. ಐತಿಹ್ಯವನ್ನು ಐತಿಹ್ಯವಾಗಿಯೇ ನೋಡೋಣ. ಅದರ ಅಭಿಪ್ರಾಯವು ಸ್ಪಷ್ಟವಾಗಿದೆ. ತಾನು ಮುಟ್ಟಲಾರೆನೆಂದ ನೀರೇ ಮಧುವರಸನ ಉರಿಯನ್ನಾರಿಸಿತು. ತಿರಸ್ಕಾರವು ಕೃತಜ್ಞತೆಯಾಗಿ, ಕೃತಜ್ಞತೆಯು ಬೀಗತನವಾಗಿ ಮಾರ್ಪಟ್ಟಿತು. ಬಸವಕಲ್ಯಾಣದಲ್ಲಿ ಹರಳಯ್ಯನ ಗವಿಯನ್ನು ಇಂದಿಗೂ ತೋರಿಸುತ್ತಾರೆ.

ಎರಡನೆಯ ಭೇದವು ರಾಜಶಕ್ತಿಗೆ ಸಂಬಂಧಿಸಿದ್ದು. ವೆರೋನಾದ ಅರಸನು ಹಗೆಯನ್ನು ನಿಷೇಧಿಸುತ್ತಾನೆ. ಬೀದಿಕಾಳಗಕ್ಕೆ ಮರಣದಂಡನೆಯನ್ನೇ ಸಾರುತ್ತಾನೆ. ಆದರೂ ಕೊನೆಯಲ್ಲಿ ಹೆಣಗಳ ನಡುವೆ ನಿಂತು, ನಿಮ್ಮ ಕಲಹವನ್ನು ಕಂಡೂ ಕಾಣದಂತಿದ್ದುದಕ್ಕೆ ನಾನೂ ನನ್ನ ಬಂಧುಗಳನ್ನು ಕಳೆದುಕೊಂಡೆನೆಂಬರ್ಥದ ಮಾತನ್ನಾಡುತ್ತಾನೆ. ಅಲ್ಲಿ ರಾಜನ ತಪ್ಪು ಉಪೇಕ್ಷೆ. ಕಲ್ಯಾಣದಲ್ಲಿ ಮದುವೆಯನ್ನು ವಿರೋಧಿಸಿದ ದ್ವೇಷಕ್ಕೆ ಧರ್ಮದ ಹೆಸರಿತ್ತು, ಶಾಸ್ತ್ರದ ಆಧಾರವಿತ್ತು, ರಾಜದಂಡದ ಬಲವಿತ್ತು. ಟಿಬಾಲ್ಟನ ದ್ವೇಷವನ್ನು ಕಂಡವರೆಲ್ಲ ಅದನ್ನು ದ್ವೇಷವೆಂದೇ ಗುರುತಿಸುತ್ತಿದ್ದರು. ಕಲ್ಯಾಣದ ದ್ವೇಷವು ಮಾತ್ರ ತನ್ನನ್ನು ಲೋಕವ್ಯವಸ್ಥೆಯೆಂದು ಕರೆದುಕೊಂಡಿತು. ವರ್ಣಸಂಕರವಾಯಿತೆಂದು ಕೂಗಿದವರು ತಾವು ಯಾರನ್ನೂ ದ್ವೇಷಿಸುತ್ತಿಲ್ಲವೆಂದೇ ನಂಬಿದ್ದಿರಬಹುದು. ದ್ವೇಷವು ಕರ್ತವ್ಯದ ವೇಷವನ್ನು ತೊಟ್ಟಾಗ ಅದನ್ನು ಗುರುತಿಸುವುದೂ ಗೆಲ್ಲುವುದೂ ಬಹು ಕಷ್ಟ.

ಇಷ್ಟರಿಂದ ಮೊದಲ ಪ್ರಶ್ನೆಗೆ ಅರ್ಧ ಉತ್ತರವು ದೊರೆತಂತಾಯಿತು. ಮದುವೆಯು ದ್ವೇಷವನ್ನು ಸೃಷ್ಟಿಸಲಿಲ್ಲ. ಶತಮಾನಗಳಿಂದ ಹೆಪ್ಪುಗಟ್ಟಿದ್ದ ದ್ವೇಷವನ್ನು ಹೊರಗೆಡವಿತು. ಬ್ರೂಕನಂತೆ ನಾವೂ ಪ್ರೇಮದ ಮೇಲೆ ತಪ್ಪು ಹೊರಿಸುವುದು ಸಲ್ಲದು. ಆದರೆ ಉತ್ತರದ ಇನ್ನೊಂದರ್ಧವು ನಮಗೆ ಕಹಿಯಾದುದು. ಅದನ್ನೂ ಹೇಳದಿದ್ದರೆ ಇತಿಹಾಸಕ್ಕೆ ಅಪಚಾರವಾದೀತು.

ಪುರಾಣಗಳ ಪ್ರಕಾರ, ಶರಣರಿಗೊದಗಿದ ಶಿಕ್ಷೆಗೆ ಪ್ರತಿಯಾಗಿ ಜಗದೇವನೂ ಅವನ ಸಂಗಡಿಗರೂ ಬಿಜ್ಜಳನನ್ನು ಕೊಲ್ಲುತ್ತಾರೆ. ಪುರಾಣಕವಿಗಳ ದೃಷ್ಟಿಯಲ್ಲಿ ಅದು ಶಿವದ್ರೋಹಿಯ ಸಂಹಾರ, ವೀರವ್ರತ. ಆ ಕವಿಗಳ ಕಾಲಧರ್ಮವನ್ನು ನಾವು ಹಳಿಯಬೇಕಾಗಿಲ್ಲ. ಆದರೆ ರುದ್ರನಾಟಕವು ಇದೇ ಘಟನೆಯನ್ನು ಬೇರೆ ಕಣ್ಣಿನಿಂದ ನೋಡುತ್ತದೆ. ಪಿ. ಲಂಕೇಶರ ‘ಸಂಕ್ರಾಂತಿ’ (೧೯೭೧), ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’ (೧೯೮೬), ಗಿರೀಶ ಕಾರ್ನಾಡರ ‘ತಲೆದಂಡ’ (೧೯೯೦) ಇವು ಕಲ್ಯಾಣವನ್ನು ಕುರಿತ ಆಧುನಿಕ ನಾಟಕಗಳಲ್ಲಿ ಗಣ್ಯವಾದವು. ಇವುಗಳ ಎಲ್ಲ ಅಭಿಪ್ರಾಯಗಳನ್ನೂ ಭಕ್ತರು ಒಪ್ಪಬೇಕೆಂದಿಲ್ಲ. ಆದರೆ ಇವು ಎತ್ತಿದ ಪ್ರಶ್ನೆಗಳನ್ನು ಕೇಳದೆ ಇರುವಂತಿಲ್ಲ.

ಲಂಕೇಶರ ನಾಟಕದಲ್ಲಿ ಕೆಳಜಾತಿಯ ಉಜ್ಜನ ಮಗ ರುದ್ರನನ್ನು ಬ್ರಾಹ್ಮಣ ಕನ್ಯೆ ಉಷಾ ಪ್ರೀತಿಸುತ್ತಾಳೆ. ಅವಳು ಒಲಿದದ್ದು ಶರಣನಾದ ರುದ್ರನಿಗಲ್ಲ, ಅದಕ್ಕೆ ಮೊದಲಿನ ಒರಟು ರುದ್ರನಿಗೆ. ಮನುಷ್ಯನನ್ನು ಅವನಿರುವಂತೆಯೇ ಪ್ರೀತಿಸುವುದೋ, ತಿದ್ದಿದ ಮೇಲೆ ಪ್ರೀತಿಸುವುದೋ ಎಂಬ ಕಠಿನವಾದ ಪ್ರಶ್ನೆಯನ್ನು ಲಂಕೇಶರು ಕೇಳುತ್ತಾರೆ. ಕಾರ್ನಾಡರ ನಾಟಕದಲ್ಲಿ ಮದುವೆಯ ಸುದ್ದಿಯನ್ನು ಕೇಳಿ ಬಸವಣ್ಣನವರೇ ತಲ್ಲಣಿಸುತ್ತಾರೆ. ಅವರಿಗೆ ಪ್ರೀತಿಯಲ್ಲಿ ಸಂದೇಹವಿಲ್ಲ. ಸಮಾಜದ ದ್ವೇಷದ ಆಳವು ಅವರಿಗೆ ತಿಳಿದಿದೆ. ಹಾಗೆಂದು ತಾವೇ ಬೋಧಿಸಿದ್ದನ್ನು ಇತರರು ಆಚರಿಸಹೊರಟಾಗ ಬೇಡವೆನ್ನಲೂ ಆಗದು. ಈ ಇಕ್ಕಟ್ಟನ್ನು ಕಾರ್ನಾಡರು ಮನಮುಟ್ಟುವಂತೆ ಚಿತ್ರಿಸಿದ್ದಾರೆ. ಮಂದಿರ ಮತ್ತು ಮಂಡಲ್ ವಿವಾದಗಳಿಂದ ದೇಶವು ಕುದಿಯುತ್ತಿದ್ದ ದಿನಗಳಲ್ಲಿ ಬರೆದ ಈ ನಾಟಕಕ್ಕೆ ೧೯೯೪ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಬಂದಿತು.

‘ತಲೆದಂಡ’ದ ಜಗದೇವನು ನಮ್ಮ ವಿಚಾರಕ್ಕೆ ಬಹು ಮುಖ್ಯನಾದವನು. ಅವನು ನೀಚನಲ್ಲ, ಶರಣಧರ್ಮದ ಮೇಲೆ ಉತ್ಕಟವಾದ ಪ್ರೀತಿಯುಳ್ಳ ತರುಣ. ಆ ಪ್ರೀತಿಯೇ ಅವಮಾನದಿಂದ ಕೆರಳಿ ಕಠಾರಿಯನ್ನು ಹಿಡಿಯುತ್ತದೆ. ಅವನು ಕೊಲ್ಲುವ ಬಿಜ್ಜಳನಾದರೋ ಆ ನಾಟಕದಲ್ಲಿ ಶರಣರಿಗೆ ಆಸರೆಯಾಗಿದ್ದು, ಮಗನಿಂದಲೇ ಅಧಿಕಾರವನ್ನು ಕಳೆದುಕೊಂಡ ಅರಸ. ಆ ಕೊಲೆಯಾದ ಕೂಡಲೇ ಶರಣರ ಮೇಲಿನ ಹತ್ಯಾಕಾಂಡಕ್ಕೆ ನೆಪವು ಸಿದ್ಧವಾಗುತ್ತದೆ. ಇಲ್ಲಿ ನಾವು ವೆರೋನಾದ ಬೀದಿಯನ್ನು ನೆನೆಯಬೇಕು. ಗೆಳೆಯನ ಹೆಣದ ಮುಂದೆ ನಿಂತ ರೋಮಿಯೋ, ಹರಳಯ್ಯ ಮಧುವರಸರ ದಂಡನೆಯನ್ನು ಕಂಡ ಜಗದೇವ ಇವರಿಬ್ಬರ ದುಃಖವೂ ನಿಜವಾದುದು, ಕೋಪವೂ ಸಹಜವಾದುದು. ಇಬ್ಬರೂ ಪ್ರೀತಿಯ ಪಕ್ಷದವರು. ಇಬ್ಬರೂ ಎದುರಾಳಿಯ ಆಯುಧವನ್ನು ಎತ್ತಿಕೊಂಡರು. ಆ ಗಳಿಗೆಯಿಂದ ಎದುರಾಳಿಯ ನಿಯಮವೇ ಅವರನ್ನೂ ಆಳಿತು. ಅಲ್ಲಿಯವರೆಗೆ ಸತ್ತವರು ಹುತಾತ್ಮರಾಗಿದ್ದರು. ಕೊಲೆಯಾದ ಮೇಲೆ ಕಲ್ಯಾಣದ ಪ್ರೀತಿಯನ್ನು ರಾಜದ್ರೋಹವೆಂದು ಕರೆಯಲು ಹಗೆಗಳಿಗೆ ಅವಕಾಶವು ದೊರೆಯಿತು.

ಹಾಗಾದರೆ ಮರಣವನ್ನು ಹೇಗೆ ಎದುರಿಸಬೇಕು? ಸಿರಿಗೆರೆಯ ಪೂಜ್ಯರು ತಮ್ಮ ನಾಟಕಕ್ಕೆ ‘ಮರಣವೇ ಮಹಾನವಮಿ’ ಎಂಬ ಹೆಸರನ್ನು ಇಟ್ಟುದರ ಔಚಿತ್ಯವು ಇಲ್ಲಿ ವ್ಯಕ್ತವಾಗುತ್ತದೆ. ಮಹಾನವಮಿಯು ಅರಸರಿಗೆ ಆಯುಧಪೂಜೆಯ ಹಬ್ಬ. ಶರಣನಿಗಾದರೋ ಆಯುಧವಿಲ್ಲ, ನಂಬಿದ ತತ್ತ್ವಕ್ಕಾಗಿ ಬರುವ ಮರಣವೇ ಅವನ ಹಬ್ಬ. ಸಾಯಲು ಸಿದ್ಧನಾಗುವುದಕ್ಕೂ ಕೊಲ್ಲಲು ಸಿದ್ಧನಾಗುವುದಕ್ಕೂ ಇರುವ ಅಂತರವು ಈ ಒಂದು ಮಾತಿನಲ್ಲಿ ಅಡಗಿದೆ. ಹರಳಯ್ಯ ಮಧುವರಸರು ಆ ಅಂತರದ ಈಚೆಗೆ ನಿಂತರು. ಜಗದೇವನು ಆಚೆಗೆ ದಾಟಿದನು. ಹರಳಯ್ಯನನ್ನು ಪೂಜಿಸುವ ನಾವು ಜಗದೇವನನ್ನು ತಿರಸ್ಕರಿಸಬೇಕಾಗಿಲ್ಲ, ಅವನಿಗಾಗಿ ಮರುಗಬೇಕು. ರುದ್ರನಾಟಕವು ಕಲಿಸುವ ಮರುಕವು ಇಂಥದು.

ಎರಡು ಕಥೆಗಳ ಮುಕ್ತಾಯವನ್ನು ನೋಡಿ ಈ ವಿವೇಚನೆಯನ್ನು ಮುಗಿಸಬಹುದು. ವೆರೋನಾದಲ್ಲಿ ಮಕ್ಕಳ ಹೆಣಗಳ ಮುಂದೆ ತಂದೆಯರು ಕೈ ಹಿಡಿಯುತ್ತಾರೆ. ಒಬ್ಬರ ಮಗುವಿಗೆ ಇನ್ನೊಬ್ಬರು ಚಿನ್ನದ ಪ್ರತಿಮೆಯನ್ನು ನಿಲ್ಲಿಸುವುದಾಗಿ ಮಾತು ಕೊಡುತ್ತಾರೆ. ದ್ವೇಷವು ಅಲ್ಲಿ ಕೊನೆಗೊಳ್ಳುತ್ತದೆ, ಆದರೆ ಬಹು ತಡವಾಗಿ. ಕಲ್ಯಾಣದಲ್ಲಿ ಅಂಥ ರಾಜಿಯೂ ಆಗಲಿಲ್ಲ. ಶರಣರು ಚದುರಿದರು, ಚೆನ್ನಬಸವಣ್ಣನವರ ಜೊತೆಗೆ ಹೊರಟವರು ಉಳವಿಯ ಕಾಡನ್ನು ಸೇರಿದರು. ಅತ್ತ ಕಳಚುರಿಗಳ ರಾಜ್ಯವೂ ಎರಡು ದಶಕ ತುಂಬುವ ಮೊದಲೇ, ಸುಮಾರು ೧೧೮೪ರ ವೇಳೆಗೆ, ಅಳಿದುಹೋಯಿತು. ಕೊಲ್ಲಿಸಿದವರ ಸಿಂಹಾಸನವು ಉಳಿಯಲಿಲ್ಲ. ಓಡಿದವರ ಬೆನ್ನ ಮೇಲಿನ ಓಲೆಕಟ್ಟುಗಳು ಉಳಿದವು. ಹದಿನೈದನೆಯ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಕಾಲದ ವಿರಕ್ತರೂ ಸಂಕಲನಕಾರರೂ ಆ ವಚನಗಳನ್ನು ಮತ್ತೆ ಕೂಡಿಸಿದರು. ೧೯೨೩ರಲ್ಲಿ ಫ.ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚುಮಾಡಿಸಿ ಮನೆಮನೆಗೆ ತಲುಪಿಸಿದರು. ವೆರೋನಾದವರು ಪ್ರೀತಿಗೆ ಚಿನ್ನದ ಪ್ರತಿಮೆಯನ್ನು ಮಾಡಿದರು. ನಮ್ಮವರು ಅದನ್ನು ಮಾತಿನಲ್ಲಿ ಉಳಿಸಿದರು.

ಆದರೆ ಮಾತೂ ಪ್ರತಿಮೆಯಾಗಿಬಿಡುವ ಅಪಾಯವುಂಟು. ಹರಳಯ್ಯ ಮಧುವರಸರ ಭಾವಚಿತ್ರಕ್ಕೆ ಹೂಮಾಲೆ ಹಾಕಿ, ವೇದಿಕೆಯ ಮೇಲೆ ಕಲ್ಯಾಣದ ಕಥೆಯನ್ನು ಕೊಂಡಾಡಿ, ಮನೆಗೆ ಬಂದೊಡನೆ ಮಗಳ ಮದುವೆಯಲ್ಲಿ ಒಳಪಂಗಡವನ್ನು ಕೇಳುವವರು ನಮ್ಮಲ್ಲಿ ಕಡಿಮೆಯಿಲ್ಲ. ೧೯೫೪ರ ವಿಶೇಷ ವಿವಾಹ ಕಾಯಿದೆಯು ಜಾತಿಮತಗಳ ಗೆರೆಯನ್ನು ದಾಟಿ ಮದುವೆಯಾಗುವವರಿಗೆ ಕಾನೂನಿನ ರಕ್ಷಣೆಯನ್ನು ಕೊಟ್ಟಿದೆ. ಆದರೂ ಮನೆತನದ ಮರ್ಯಾದೆಯ ಹೆಸರಿನಲ್ಲಿ ಮಕ್ಕಳನ್ನು ಕೊಲ್ಲುವ ಘಟನೆಗಳು ನಿಂತಿಲ್ಲ. ಪ್ರಾಪ್ತ ವಯಸ್ಕರಿಬ್ಬರು ಒಪ್ಪಿ ಮದುವೆಯಾಗಲು ಮನೆತನದ ಅಥವಾ ಸಮುದಾಯದ ಅನುಮತಿ ಬೇಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೧೮ರಲ್ಲಿ ಮತ್ತೆ ಹೇಳಬೇಕಾಯಿತು. ಬಿಜ್ಜಳನ ಕಾಲದ ದ್ವೇಷವು ರಾಜದಂಡವನ್ನು ಕಳೆದುಕೊಂಡಿದ್ದರೂ ಮನೆಯ ಹೊಸಿಲನ್ನು ಬಿಟ್ಟು ಹೋಗಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆದಕಾರಣ ನಾಟಕವನ್ನು ನೋಡಿ ಹಿಂದಿರುಗುವ ಸಹೃದಯರು ತಮ್ಮ ಪ್ರಶ್ನೆಯನ್ನು ಸ್ವಲ್ಪ ಬದಲಿಸಿ ಕೇಳಿಕೊಳ್ಳುವುದು ಒಳಿತು. ಆ ಮದುವೆಯು ನಡೆಯದಿದ್ದರೆ ಕಲ್ಯಾಣವು ಉಳಿಯುತ್ತಿತ್ತೇ ಎಂದಲ್ಲ; ಆ ಮದುವೆಯನ್ನು ನಡೆಸಲಾರದ ಊರು ಕಲ್ಯಾಣವೆಂಬ ಹೆಸರಿಗೆ ಅರ್ಹವೇ ಎಂದು. ಅದರೊಡನೆ ಇನ್ನೂ ಒಂದು ಪ್ರಶ್ನೆಯಿದೆ. ನಮ್ಮ ಪ್ರೀತಿಗೆ ಪೆಟ್ಟು ಬಿದ್ದ ದಿನ ನಮ್ಮ ಕೈಯು ಹರಳಯ್ಯನದಾಗಿರುತ್ತದೆಯೇ, ಜಗದೇವನದಾಗಿರುತ್ತದೆಯೇ? ಮೊದಲನೆಯದಕ್ಕೆ ಇತಿಹಾಸವನ್ನು ಓದಿ ಉತ್ತರಿಸಬಹುದು. ಎರಡನೆಯದಕ್ಕೆ ಉತ್ತರವನ್ನು ಪ್ರತಿಯೊಬ್ಬರೂ ತಮ್ಮ ಬಾಳಿನಲ್ಲಿಯೇ ಕೊಡಬೇಕಾಗಿದೆ.